ರಬ್ಬರ್ ವಾಷರ್ ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ರಬ್ಬರ್ ವಾಷರ್ ಅವರಿಗೆ,
ಮುಕ್ಕಾಂ: ಸಿಲಿಂಡರಿನ ಬಾಯಿ, ವಾಲ್ವಿನ ಒಳಮಗ್ಗುಲು,
ಕಲಬುರಗಿ ನಗರ ಹಾಗೂ ಕಮಲಾಪುರ.



ಅಡುಗೆ ಅನಿಲದ ರಾಜ್ಯದಲ್ಲಿ ಎಲ್ಲರಿಗೂ ಹೆಸರು ಬಂತು, ತಮಗೊಬ್ಬರಿಗೆ ಬರಲಿಲ್ಲ. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದ ಮೇಲೆ ಹಳ್ಳಿಹಳ್ಳಿಯ ಕಟ್ಟಿಗೆ ಒಲೆಯ ಮಗ್ಗುಲಿಗೂ ಕೆಂಪು ಸಿಲಿಂಡರ್ ಬಂದು ನಿಂತಿತು. ಪೋಸ್ಟರಿನಲ್ಲಿ ನಾಯಕರು ನಕ್ಕರು. ಸಿಲಿಂಡರಿನೊಳಗಿನ ಒತ್ತಡವನ್ನು ಒಲೆಗೆ ತಕ್ಕಂತೆ 30 ಮಿಲಿಬಾರಿಗೆ ಇಳಿಸುವ ಜಾಣ ಎಂದು ರೆಗ್ಯುಲೇಟರಿಗೂ ಕೀರ್ತಿ ಸಿಕ್ಕಿತು. ಆದರೆ ಆ ಜಾಣ ವಾಲ್ವಿನ ಮೇಲೆ ಕೂರುವಾಗ ನಡುವಿನ ಸಂದು ಮುಚ್ಚುವವರು ತಾವು. ಗಾತ್ರ ಕಿರುಬೆರಳಿನ ಉಂಗುರದಷ್ಟು, ಹೊಣೆ 14.2 ಕಿಲೋ.

ನಿಯಮದ ಪ್ರಕಾರ, ಸಿಲಿಂಡರ್ ತಂದವರು ಮನೆಯೆದುರೇ ತೂಗಿ, ಸೋರಿಕೆ ನೋಡಿ ಕೊಡಬೇಕು. ರೂಢಿಯ ಪ್ರಕಾರ, ದಢಕ್ಕನೆ ಇಳಿಸಿ ಒಟಿಪಿ ಕೇಳಬೇಕು. "ವಾಷರ್ ಅದ ಇಲ್ಲೊ ನೋಡ್ರಿ" ಎಂದರೆ ಉತ್ತರ ಸಿದ್ಧ: "ಏನೂ ಆಗಂಗಿಲ್ಲ ಬಿಡ್ರಿ." ಏಜೆನ್ಸಿ ಹುಡುಗನನ್ನು ನಂಬಿದೆ, ಹುಡುಗ ಗೃಹಿಣಿಯನ್ನು ನಂಬಿದ್ದಾನೆ, ಗೃಹಿಣಿ ಮಗನನ್ನು, ಮಗ ಮೊಬೈಲಿನ ವಿಡಿಯೊವನ್ನು. ಎಲ್ಲರೂ ಸೇರಿ ತಮ್ಮನ್ನು ನಂಬಿದ್ದಾರೆ. ತಮ್ಮನ್ನು ನೋಡಿದವರು ಮಾತ್ರ ಯಾರೂ ಇಲ್ಲ.

ನಾವು ಪರೀಕ್ಷೆ ಮಾಡದ ಜನ ಎಂದು ತಿಳಿಯಬೇಡಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಬಾಳೆಯನ್ನೂ ನಾವು ಒತ್ತಿ, ತಿರುವಿ, ಮೂಸಿಯೇ ಕೊಳ್ಳುವುದು. ರಾಹುಕಾಲ ನೋಡದೆ ಸ್ಟೇಷನ್ ರೋಡಿಗೂ ಇಳಿಯುವುದಿಲ್ಲ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೂ ಒಂದು ಪಂಚಾಂಗವಿದೆ: ಎ, ಬಿ, ಸಿ, ಡಿ ಎಂದು ವರ್ಷದ ನಾಲ್ಕು ಪಾಲು. ಬಿ-27 ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಅದು ಮರುಪರೀಕ್ಷೆಗೆ ಹೋಗಬೇಕು. ಅದರಲ್ಲಿ ಅಮಾವಾಸ್ಯೆ ಹುಣ್ಣಿಮೆ ಇಲ್ಲವಾದ್ದರಿಂದ ನಾವು ಓದುವುದಿಲ್ಲ.

ಇನ್ನು ಸೋರಿಕೆ ಹುಡುಕುವ ನಮ್ಮ ವಿಜ್ಞಾನ. ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ ಎನ್ನುತ್ತದೆ ಪುಸ್ತಕ. ಸಾಬೂನಿಗೆ ಖರ್ಚು ಜಾಸ್ತಿ ಎಂದು ನಮ್ಮ ಪಂಡಿತರು ಕಡ್ಡಿ ಗೀರುತ್ತಾರೆ. ಸೋರುತ್ತಿಲ್ಲವಾದರೆ ಅವರು ಗೆದ್ದರು. ಸೋರುತ್ತಿದ್ದರೆ ವಾದ ಮುಂದುವರಿಸಲು ಅವರಿರುವುದಿಲ್ಲ. ರೆಗ್ಯುಲೇಟರ್ ಕೂರಿಸುವುದಂತೂ ಮಲ್ಲಯುದ್ಧ. ನಾಬ್ ಬಂದ್ ಇಟ್ಟು, ಕೆಳಗಿನ ಕರಿ ಬಳೆಯನ್ನು ಮೇಲೆತ್ತಿ, ಒತ್ತಿ ಬಿಟ್ಟರೆ ಟಕ್ ಎಂದು ಕೂರುತ್ತದೆ. ಇಷ್ಟು ಸುಲಭದ ಕೆಲಸದಲ್ಲಿ ಗಂಡಸುತನ ಸಾಲದೆಂದು ಮೇಲೆ ಮುಷ್ಟಿಯಿಂದ ಗುದ್ದುತ್ತೇವೆ. ಪೆಟ್ಟೆಲ್ಲ ತಮಗೇ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ರೊಟ್ಟಿಯ ಬೇಡಿಕೆ ಏರಿದಾಗ ಕೆಲವು ಖಾನಾವಳಿಗಳಲ್ಲಿ ತಮಗೆ ಓವರ್‌ಟೈಮ್ ಬೇರೆ. ವ್ಯಾಪಾರಕ್ಕೆಂದೇ 19 ಕಿಲೋದ ಸಿಲಿಂಡರ್ ಇದ್ದರೂ, ಮನೆಯ ಕೆಂಪು ಸಿಲಿಂಡರ್ ಅಲ್ಲಿಗೆ ಬೀಗರಂತೆ ಬಂದು ಕೂತಿರುತ್ತದೆ. ಯಾರಾದರೂ ಅಧಿಕಾರಿ ಬಂದರೆ ಜೋಳದ ಚೀಲದ ಹಿಂದೆ ಅಡಗುತ್ತದೆ. ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದ ದಿನವೂ ಅದರ ವಿಶ್ರಾಂತಿ ತಗಡಿನ ಶೆಡ್ಡಿನಲ್ಲೇ.

ತಾವು ಸವೆದು ರಾಜೀನಾಮೆ ಕೊಡುವಾಗ ನೋಟಿಸ್ ಇಲ್ಲದೆ ಹೋಗುವುದಿಲ್ಲ, ನಿಜ. ವಾಸನೆಯೇ ಇಲ್ಲದ ಈ ಅನಿಲಕ್ಕೆ ಇಥೈಲ್ ಮರ್ಕ್ಯಾಪ್ಟನ್ ಬೆರೆಸಿರುವುದೇ ಆ ನೋಟಿಸನ್ನು ನಮ್ಮ ಮೂಗಿಗೆ ತಲುಪಿಸಲು. ಆದರೆ ಗಾಳಿಗಿಂತ ಭಾರವಾದ ಅನಿಲ ನೆಲದಲ್ಲಿ ಹರಡಿ ಬಿದ್ದಿರುತ್ತದೆ, ನಾವು "ಏನೋ ವಾಸನಿ" ಎನ್ನುತ್ತ ಅದನ್ನು ಓಡಿಸಲು ಫ್ಯಾನಿನ ಸ್ವಿಚ್ ಒತ್ತುತ್ತೇವೆ. ನಾಬ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಲು ನಮಗೇನು ಬೇರೆ ಕೆಲಸವಿಲ್ಲವೇ?

ಆದ್ದರಿಂದ ನಮ್ಮ ವಿನಂತಿ ಇಷ್ಟು: ತಾವು ಸವೆಯುವುದನ್ನು ನಿಲ್ಲಿಸಬೇಕು. ಬಿಸಿಲಿಗೆ ಗಟ್ಟಿಯಾಗಬಾರದು, ಗುದ್ದಿಗೆ ಸೀಳಬಾರದು, ವಯಸ್ಸಾಗಲೇಬಾರದು. ರೆಗ್ಯುಲೇಟರ್ ಕೂರಿಸುವ ಮುನ್ನ ಬಗ್ಗಿ ಒಂದು ಸಲ ವಾಲ್ವಿನೊಳಗೆ ನೋಡುವುದಕ್ಕಿಂತ ರಬ್ಬರಿನ ಗುಣವನ್ನು ಬದಲಿಸುವುದೇ ನಮಗೆ ಸುಲಭವಾಗಿ ಕಾಣುತ್ತದೆ.

ಇತಿ ತಮ್ಮನ್ನೇ ನಂಬಿದ,
ಸಮಸ್ತ ಗ್ರಾಹಕರು