ಬ್ಯಾಡಗಿ ಪ್ಯಾಟಿ ನೋಡಾಕ ಹೋಗೂಣು ಬರ್ರಿ

ಅಕ್ಕಾರ, ಮೆಣಸಿನಕಾಯಿ ಬಿಸಲಿಗೆ ಹಾಕೀರೇನ್ರಿ? ಬೇಲಿ ದಾಟಿ ಘಾಟ ಬರಾಕತ್ತೈತಿ. ಈ ವರ್ಷ ಸಂಕೇಶ್ವರದ್ದ ಎಷ್ಟ, ಬ್ಯಾಡಗಿ ಎಷ್ಟ?

“ಸಮಾ ಸಮಾ ತಂಗಿ. ಖಾರಕ್ಕ ಸಂಕೇಶ್ವರದ್ದ, ಬಣ್ಣಕ್ಕ ಬ್ಯಾಡಗಿ. ಅದಿರ್ಲಿ, ನಿನ್ನ ತಮ್ಮ ತುರ್ಕಿಗೆ ಹೋಗಿದ್ನಂತಲ್ಲ, ಅಲ್ಲಿ ಮಸಾಲಿ ಬಜಾರ ಭಾಳ ಚಂದ ಐತಂತ?”

ಚಂದ ಐತ್ರಿ, ಫೋಟೊ ಕಳಿಸ್ಯಾನ. ಇಸ್ತಾಂಬುಲ್ ಊರಾಗ ಎಮಿನೊನ್ಯೂ ಅನ್ನೂ ದಂಡಿ ಮ್ಯಾಲ ಐತಿ. 1660ರ ದಶಕದಾಗ ಸುಲ್ತಾನನ ತಾಯಿ ತುರ್ಹಾನ್ ಸುಲ್ತಾನ್ ಕಟ್ಟಿಸಿದ್ದು. ಬಾಜೂಕ ದೊಡ್ಡ ಮಸೀದಿ ಐತಿ, ಅಂಗಡಿ ಬಾಡಿಗಿ ಬಂದದ್ದು ಆ ಮಸೀದಿ ಖರ್ಚಿಗೆ. ಈಜಿಪ್ಟಿನಿಂದ ಬರೂ ರೊಕ್ಕದಾಗ ಕಟ್ಟಿದ್ದಕ್ಕ ಅಲ್ಲಿಯವ್ರು ಇವತ್ತಿಗೂ ಈಜಿಪ್ಟ್ ಬಜಾರ ಅಂತಾರ.

ಅಂಥಾ ಬಜಾರಕ್ಕ ನಮ್ಮ ಕಡೆ ಮಾಲೂ ಹೋಗೂದ್ರಿ. ಕರಿಮೆಣಸು ನಮ್ಮ ಕರಾವಳಿ, ಮಲಬಾರ ಬಿಟ್ಟು ಕೆಂಪು ಸಮುದ್ರ ಹಿಡದು ಈಜಿಪ್ಟಿಗೆ, ಅಲ್ಲಿಂದ ಮುಂದಕ್ಕ. ಗೇರುಸೊಪ್ಪಿ ರಾಣಿ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರದಿದ್ದು ಈ ಕರಿಮೆಣಸಿನ ವ್ಯಾಪಾರಕ್ಕ.

“ಮತ್ತ ಈ ಕೆಂಪ ಮೆಣಸಿನಕಾಯಿ?”

ಅದು ನಮ್ಮದೂ ಅಲ್ಲ, ಅವರದೂ ಅಲ್ಲ ಅಕ್ಕಾರ. ಅಮೆರಿಕಾ ಖಂಡದಿಂದ 16ನೇ ಶತಮಾನದಾಗ ಪೋರ್ಚುಗೀಸರ ಹಡಗಿನಾಗ ನಮ್ಮ ಕಡೆ ಬಂತು. ತುರ್ಕಿಯವರು ಅದನ್ನ ತಮ್ಮದು ಮಾಡ್ಕೊಂಡ್ರು, ನಾವೂ ಮಾಡ್ಕೊಂಡ್ವಿ. ಅವರ ಉರ್ಫಾ ಊರಿನವ್ರು ಹಗಲೆಲ್ಲಾ ಬಿಸಲಿಗೆ ಹಾಕಿ, ರಾತ್ರಿ ಕಟ್ಟಿ ಮುಚ್ಚಿ ಬೆವರಸ್ತಾರ. ಕಾಯಿ ಕರ್ರಗ ಕೆಂಪಗ ಆಗ್ತೈತಿ. ನಮ್ಮ ಮಂದಿ ಇಲ್ಲಿ ಬ್ಯಾಡಗಿ ತಳಿ ಉಳಿಸ್ಕೊಂಡ್ರು. ಇದೇನು ಸಣ್ಣ ಕೆಲಸ ಅಲ್ರಿ.

ಅದಕ್ಕ ಹೇಳ್ತೀನಿ, ಇಸ್ತಾಂಬುಲ್ ನೋಡೋ ಆಸೆ ಇದ್ರ ಇರ್ಲಿ, ಮೊದಲ ಬ್ಯಾಡಗಿಗೆ ಹೋಗೂಣು. ಘಟಪ್ರಭಾ ಸ್ಟೇಷನ್ನಾಗ ರೈಲ ಹತ್ತಿ ಹುಬ್ಬಳ್ಳಿ ಮುಟ್ಟಿದ್ರ ಮುಂದ ಹಾವೇರಿ, ಬ್ಯಾಡಗಿ. ಹೋಗೂದಾದ್ರ ಸೋಮವಾರ, ಇಲ್ಲಾ ಗುರುವಾರ ಹೋಗಬೇಕು, ಅವು ಪ್ಯಾಟಿ ದಿನಾ. ಸುಗ್ಗಿ ಜೋರಿದ್ದಾಗ ಒಂದ ದಿನಕ್ಕ ಲಕ್ಷಕ್ಕೂ ಹೆಚ್ಚು ಚೀಲ ಬರ್ತಾವು. ನಾನು ಹೋದಾಗ ಊರಿಗೆ ಕಾಲಿಡೂ ಮೊದಲ ಸೀನು ಶುರುವಾಗಿದ್ವು. ದಲಾಲಿ ಅಂಗಡಿ ಮುಂದ ಚೀಲದ ಬಾಯಿ ಬಿಚ್ಚಿಟ್ಟಿರ್ತಾರ. ಖರೀದಿದಾರರು ಒಂದೊಂದ ಲಾಟಿಗೆ ಬಂದು ಕಾಯಿ ಮುರಿದು ನೋಡ್ತಾರ, ಮುಷ್ಟ್ಯಾಗ ಹಿಡದು ಹಸಿ ಐತೋ ಒಣಗೈತೋ ತಿಳ್ಕೋತಾರ, ದರ ಬರಕೋತಾರ. ಆಮ್ಯಾಲ ಇ-ಟೆಂಡರ್. ಕಂಪ್ಯೂಟರಿನಾಗ ಯಾರ ದರ ಹೆಚ್ಚೋ ಅವರಿಗೆ ಲಾಟು. ಒಂದ ಕಡೆ ಹೆಣ್ಮಕ್ಕಳು ಮುಖಕ್ಕ ಸೆರಗ ಕಟ್ಕೊಂಡು ತೊಟ್ಟು ಬಿಡಿಸ್ತಾರ. ಆ ಘಾಟಿನಾಗ ದಿನವಿಡೀ ಕುಂಡ್ರೂದು ಅಂದ್ರ ಎಷ್ಟ ಕಷ್ಟದ ದುಡಿಮೆ, ನೀವ ಹೇಳ್ರಿ.

“ಡಬ್ಬಿ, ಕಡ್ಡಿ ಅಂತಾರಲ್ಲ, ಎರಡೂ ಅಲ್ಲೇ ಸಿಗ್ತಾವು?”

ಸಿಗ್ತಾವ್ರಿ. ಡಬ್ಬಿ ಗಿಡ್ಡ, ದುಂಡಗ. ಕಡ್ಡಿ ಉದ್ದ, ತೆಳ್ಳಗ, ಮೈಯೆಲ್ಲಾ ಸುಕ್ಕು. ಖಾರ ಕಡಿಮಿ, ಬಣ್ಣ ಭರ್ಜರಿ. ಆ ಬಣ್ಣಾ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕೈತಿ. ಆದ್ರ ಬೆಳಿಯೂ ಹೊಲ ಬ್ಯಾಡಗಿ ಒಂದರಾಗ ಇಲ್ಲ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು, ಆಂಧ್ರದಿಂದನೂ ಗಾಡಿ ಬರ್ತಾವು. ಊರಿನ ಹೆಸರಿಗೆ ಅಷ್ಟೂ ರೈತರ ಪಾಲು ಐತಿ.

ತುರ್ಕಿ ಬಜಾರಕ್ಕ ಈಗ ಹೆಚ್ಚ ಹೋಗೂದು ಪ್ರವಾಸಿ ಮಂದಿ. ಗಾಜಿನ ಡಬ್ಬಿ, ಗೋಪುರ ಮಾಡಿಟ್ಟ ಪುಡಿ, ಚಹಾ, ಮಿಠಾಯಿ. ಬೆಳದವ ಅಲ್ಲಿ ಕಾಣಸೂದಿಲ್ಲ. ಬ್ಯಾಡಗಿಯಾಗ ಚೀಲದ ಬಾಜೂಕ ಬೆಳದವನ ನಿಂತಿರ್ತಾನ. ಬೀಜ, ಔಷಧ, ಆಳಿನ ಪಗಾರ, ಗಾಡಿ ಬಾಡಿಗಿ ಎಲ್ಲಾ ಕೊಟ್ಟ ಬಂದಿರ್ತಾನ. ದರ ಒಪ್ಪಲಿಲ್ಲ ಅಂದ್ರ ಮಾಲು ಕೊಡೂದಿಲ್ಲ ಅನ್ನೂ ಹಕ್ಕು ಅವಗ ಐತಿ. ಆದ್ರ ಸಾಲದವ ಬಾಗಿಲಿಗೆ ಬಂದು ನಿಂತಿದ್ರ ಆ ಹಕ್ಕು ಎಷ್ಟ ದಿನಾ ನಡಿತೈತ್ರಿ? ಕೋಲ್ಡ್ ಸ್ಟೋರೇಜಿನಾಗ ಇಟ್ರ ಅದಕ್ಕೂ ಬಾಡಿಗಿ.

“ಎರಡ ವರ್ಷದ ಹಿಂದ ಅಲ್ಲೇ ಬೆಂಕಿ ಬಿದ್ದಿತ್ತಲ್ಲ ತಂಗಿ?”

2024ರ ಮಾರ್ಚ್ 11, ಸೋಮವಾರ. ಮಾಲು ವಿಪರೀತ ಬಂತು, ದರ ಕುಸೀತು, ಸಿಟ್ಟಿಗೆದ್ದ ಮಂದಿ ಎಪಿಎಂಸಿ ಆಫೀಸಿಗೆ, ಗಾಡಿಗಳಿಗೆ ಬೆಂಕಿ ಹಚ್ಚಿದ್ರು. ಸುಟ್ಟದ್ದು ತಪ್ಪ. ಆದ್ರ ಹಾಕಿದ ರೊಕ್ಕ ಹುಟ್ಟೂದಿಲ್ಲ ಅಂತ ಗೊತ್ತಾದಾಗ ಆ ರೈತನ ಎದ್ಯಾಗ ಏನಾಗಿರಬೇಕು, ಅದನ್ನೂ ನಾವು ತಿಳ್ಕೋಬೇಕು. ಮಾಲು ಏಕದಮ್ ಬಂದಾಗ ದರಕ್ಕ ಒಂದ ತಳ ಇರಬೇಕ್ರಿ. ಅದು ಸರಕಾರದ ಕೆಲಸ, ಅದನ್ನ ಕೇಳೂದು ನಮ್ಮ ಕೆಲಸ.

ಪ್ಯಾಟಿ ನೋಡಾಕ ಹೋಗೂದು ಅಂದ್ರ ನನಗ ಇದ ಅಕ್ಕಾರ. ಬಣ್ಣ ನೋಡೂದು, ಸೀನೂದು, ಫೋಟೊ ಹೊಡಿಯೂದು, ಎಲ್ಲಾ ಆಗ್ಲಿ. ಜೊತಿಗೆ ಚೀಲದ ಹತ್ತಿರ ನಿಂತವನ ಮಾತಾಡಸಬೇಕು. ಯಾವ ಊರಪ್ಪಾ, ಎಷ್ಟ ಎಕರೆ ಹಾಕಿದ್ದಿ, ಏನ ದರಾ ಬಿತ್ತು ಅಂತ ಕೇಳಬೇಕು. ಅವ ಹೇಳಿದ್ದು ಕೇಳಿ ಬಂದ ಮ್ಯಾಲ ಅಂಗಡ್ಯಾಗ ಮೆಣಸಿನಕಾಯಿ ತುಟ್ಟಿ ಆತು ಅನ್ನೂ ಮೊದಲು, ಆ ತುಟ್ಟಿಯೊಳಗ ಅವಂದೆಷ್ಟು ಅಂತ ಕೇಳಾಕ ಕಲೀತೀವಿ.