ಟೆರೇಸಿನ ಗೋಡೆಯಾಚೆ ಬಾಯಮ್ಮ

ಸೌದಿ ಅರೇಬಿಯಾದ ಹಾಯಿಲಿನಲ್ಲಿ ಬೇಲಿ ಎಂಬುದೇ ಇಲ್ಲ. ಮನೆಗಳ ಸುತ್ತ ಆಳೆತ್ತರ ಮೀರಿದ ಗೋಡೆ. ಪಕ್ಕದ ಮನೆಯವರ ಮುಖ ಕಾಣಬೇಕಾದರೆ ಬಟ್ಟೆ ಒಣಗಿಸುವ ನೆಪದಲ್ಲಿ ಟೆರೇಸು ಹತ್ತಬೇಕು. ನನಗೂ ಬಾಯಮ್ಮನಿಗೂ ಮಾತುಕತೆ ನಡೆಯುವುದು ಅಲ್ಲಿಯ ಮೋಟುಗೋಡೆಗೆ ಮೊಣಕೈ ಊರಿಕೊಂಡೇ. ಅವರು ಮಂಗಳೂರು ಕಡೆಯ ಕ್ಯಾಥೊಲಿಕರು, ನಾನು ಉಡುಪಿಯವಳು. ಅವರು ನರ್ಸು, ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಕೆಲಸ.

ನೈಟ್ ಡ್ಯೂಟಿ ಮುಗಿಸಿ ಬಂದವರು ಮಲಗುವ ಮೊದಲು ಸ್ವಲ್ಪ ಹೊತ್ತು ಬಿಸಿಲಿಗೆ ಬರುತ್ತಾರೆ, ಕೈಯಲ್ಲಿ ಕ್ರೋಶಾ ಕಡ್ಡಿ. ಮರುಭೂಮಿ ಅಂದರೆ ಬರೀ ಸೆಖೆ ಎಂದು ಊರಿನವರು ತಿಳಿದಿದ್ದಾರೆ. ಆದರೆ ಈ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ. ಜನವರಿಯ ಕೆಲವು ರಾತ್ರಿ ಪಾದರಸ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ.

"ಎಂತ ಬಾಯಮ್ಮ, ಇವತ್ತೂ ಟೊಪ್ಪಿಯಾ?"

"ಹೌದಕ್ಕ. ನಿನ್ನೆ ರಾತ್ರಿ ಒಂದು ಮಗು ಬಂದಿದೆ. ಒಂದೂಕಾಲು ಕಿಲೋನೂ ಇಲ್ಲ."

ಅಂಥ ಮಗುವಿನ ಮೈಗೆ ಹೋಲಿಸಿದರೆ ತಲೆಯೇ ದೊಡ್ಡದು, ಚರ್ಮದ ಕೆಳಗೆ ಕೊಬ್ಬಿಲ್ಲ. ಮೈಯ ಕಾವು ಬೇಗ ಹೋಗಿಬಿಡುತ್ತದೆ. ಇನ್‌ಕ್ಯುಬೇಟರಿನಿಂದ ತೆಗೆದು ಅಮ್ಮನ ಎದೆಯ ಮೇಲೆ ಮಲಗಿಸುವಾಗ ತಲೆಗೆ ಟೊಪ್ಪಿ ಬೇಕೇ ಬೇಕು. ಉಣ್ಣೆ ಚುಚ್ಚುತ್ತದೆ, ಆದ್ದರಿಂದ ಹತ್ತಿಯ ನೂಲು. ಸಡಿಲವಾಗಿ ಹೆಣೆದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ, ಬಿಗಿಯಾದರೆ ಹಣೆಯಲ್ಲಿ ಗೆರೆ ಮೂಡುತ್ತದೆ. ನೆತ್ತಿಯಿಂದ ಶುರುಮಾಡಿ ಸುತ್ತುಸುತ್ತಾಗಿ ಇಳಿಯಬೇಕು, ಗಂಟು ನೆತ್ತಿಗೆ ತಾಗಬಾರದು. ಹತ್ತು ಹೆಣಿಗೆಯಾದಾಗ ಬಾಯಮ್ಮ ಕಡ್ಡಿಯನ್ನು ಒಂದು ಕ್ಷಣ ನಿಲ್ಲಿಸುತ್ತಾರೆ. ಲೆಕ್ಕ ತಪ್ಪದ ಹಾಗೆ ಇರಬಹುದು ಅಂದುಕೊಂಡಿದ್ದೆ. ತುಟಿ ಅಲುಗುವುದನ್ನು ನೋಡಿದ ಮೇಲೆ ಗೊತ್ತಾಯಿತು, ಅದು ತೇರ್ಸ್, ಜಪಸರದ ಪ್ರಾರ್ಥನೆ. ಜಪಸರದ ಮಣಿಯಷ್ಟೇ ಲೆಕ್ಕ, ಬೆರಳಿನ ಕೆಳಗೆ ಮಾತ್ರ ಮಣಿಯ ಜಾಗದಲ್ಲಿ ನೂಲು.

ಸೌದಿಯಲ್ಲಿ ಇಗರ್ಜಿ ಇಲ್ಲ, ಬೇರೆ ಧರ್ಮದವರು ಬಹಿರಂಗವಾಗಿ ಪ್ರಾರ್ಥಿಸುವ ಹಾಗೂ ಇಲ್ಲ. ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಲ್ಲರಿಗೂ ಕೆಲಸ. 2021ರ ಡಿಸೆಂಬರಿನಲ್ಲಿ ಬಹರೈನಿನ ಅವಾಲಿಯಲ್ಲಿ ಅರೇಬಿಯಾದ ಮಾತೆಯ ಹೆಸರಿನ ದೊಡ್ಡ ಕೆಥೆಡ್ರಲ್ ಪ್ರತಿಷ್ಠೆಯಾಯಿತಲ್ಲ, ಬಾಯಮ್ಮ ಒಂದು ರಜೆಯಲ್ಲಿ ಅಲ್ಲಿಗೆ ಹೋಗಿಬಂದರು. "ಹೇಗುಂಟು?" ಎಂದು ಕೇಳಿದೆ. ಗೋಪುರ, ಗಾಜು, ಜನಸಂದಣಿ ಯಾವುದನ್ನೂ ಹೇಳಲಿಲ್ಲ. "ಬಲಿಪೀಠದ ಬಟ್ಟೆಯ ಅಂಚು ನೋಡಿದೆ ಅಕ್ಕ. ಯಾರೋ ಕೈಯಲ್ಲೇ ಮಾಡಿದ್ದು" ಅಂದರು.

ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಹೋದವರು ಕತ್ತು ನೋಯುವ ತನಕ ಮೇಲೆ ನೋಡುತ್ತಾರೆ. 1900ರ ಆಸುಪಾಸಿನಲ್ಲಿ ಆ ಗೋಡೆ, ಮಾಡುಗಳ ಮೇಲೆ ಚಿತ್ರ ಬರೆದವರು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿ. ಅವರ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆದರೆ ಅದೇ ಊರಿನ ಇಗರ್ಜಿಗಳಲ್ಲಿ ಬಲಿಪೀಠಕ್ಕೆ ಲೇಸು ಹೆಣೆದವರು, ಗಂಜಿ ಹಾಕಿ ಇಸ್ತ್ರಿ ಮಾಡಿದವರು, ಶಿಲುಬೆಯ ಪಕ್ಕ ಹೂವು ಜೋಡಿಸಿದವರು? ಬಟ್ಟೆ ಹರಿಯಿತು, ಹೂವು ಬಾಡಿತು, ಹೆಸರು ಯಾರೂ ಬರೆದಿಡಲಿಲ್ಲ. ಕಲೆಯೆಂದರೆ ಹರಿಯದೆ, ಬಾಡದೆ ಉಳಿಯುವಂಥದ್ದು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಗೋಡೆಯ ಮೇಲಿನ ಚಿತ್ರ ಭಕ್ತಿಯಾದರೆ ಆ ಟೊಪ್ಪಿಯೂ ಭಕ್ತಿಯೇ, ಟೊಪ್ಪಿಗೆ ಬೇಕಾದ ಕೌಶಲವೂ ಕಡಿಮೆಯದಲ್ಲ.

ಬಾಯಮ್ಮನ ಬೈಬಲಿನಲ್ಲಿ ಇದಕ್ಕೊಂದು ಸಾಕ್ಷಿ ಉಂಟು. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ಎಂಬ ಹೆಂಗಸು ಸಾಯುತ್ತಾಳೆ. ಪೇತ್ರ ಬಂದಾಗ ವಿಧವೆಯರು ಅಳುತ್ತಾ ಅವನಿಗೆ ತೋರಿಸುವುದು ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನು. ಅವಳ ಬಾಯಿಯಿಂದ ಬಂದ ಒಂದು ಮಾತೂ ಅಲ್ಲಿಲ್ಲ, ಬಟ್ಟೆಗಳೇ ಇವೆ. ಈ ಕತೆ ಹೇಳಿದ್ದು ಬಾಯಮ್ಮನೇ. ಹೇಳುವಾಗ ಅವರ ಸ್ವರ ಬದಲಾಗಿತ್ತು.

ಕೈಕೆಲಸವನ್ನೇ ಭಕ್ತಿಯಾಗಿಸುವ ಈ ರೀತಿ ನಮ್ಮ ಕರಾವಳಿಯವರು ನಿನ್ನೆ ಮೊನ್ನೆ ಕಲಿತದ್ದಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಬಲ್ಮಠದ ನೇಯ್ಗೆಯ ಸಂಗಡ ಖಾಕಿ ಬಣ್ಣ ಕಂಡುಹಿಡಿದರೆಂದು ಹೇಳಲಾಗುವ ಹಾಲರ್ ಸಾಹೇಬರ ಹೆಸರು ಇತಿಹಾಸಕ್ಕೆ ಸೇರಿತು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಸಂಸಾರ ನಡೆಸಿ, ಭಾನುವಾರ ದೇವಾಲಯದಲ್ಲಿ ಕನ್ನಡ ಗೀತೆ ಹಾಡಿದ ಪ್ರೊಟೆಸ್ಟೆಂಟ್ ಹೆಂಗಸರು ಅದರಲ್ಲಿ ಎಲ್ಲಿದ್ದಾರೆ? ಕ್ಯಾಥೊಲಿಕರ ಕಡೆ 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದು ಹುಡುಗಿಯರಿಗೆ ಶಾಲೆ ನಡೆಸಿದರು. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಮದ್ದು ಕೊಡತೊಡಗಿದರು, ಅದು ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಶುಶ್ರೂಷೆಯೂ ದೇವರ ಕೆಲಸ ಎಂಬ ನಂಬಿಕೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಬೇರೂರಿದ್ದು ಹೀಗೆ. ಗಲ್ಫ್ ನರ್ಸ್ ಅಂದಕೂಡಲೇ ಊರಿನಲ್ಲಿ ಸಂಬಳ ಎಷ್ಟು ಎಂದು ಕೇಳುತ್ತಾರಲ್ಲ, ನನಗೆ ಬಹಳ ಬೇಜಾರಾಗುತ್ತದೆ. ಸಂಬಳ ಬೇಕು, ತಂಗಿಯ ಮದುವೆಯೂ ಆಗಬೇಕು. ಆದರೆ ಬೆಳಗಿನ ಜಾವ ಮೂರಕ್ಕೆ ಉಸಿರು ಮರೆತ ಮಗುವಿನ ಅಂಗಾಲು ತಟ್ಟಿ ಉಸಿರು ಎಳೆಸುವುದನ್ನು ಯಾವ ಸಂಬಳದ ಚೀಟಿಯಲ್ಲಿ ಬರೆಯುತ್ತಾರೆ?

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಊರಿನಿಂದ ಕವರಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಬರುತ್ತದೆ. ನಾಲ್ಕಾರು ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಹಾಕಿದರೆ ಹೊಸ ಅಕ್ಕಿಯ ಊಟವಾಯಿತು. ಡಿಸೆಂಬರಿನ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್ ಮಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಕಿಡಿಯೊಗೆ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಬೇಕು. ನೆವ್ರಿಯ ಅಂಚು ಬಿಟ್ಟರೆ ಎಣ್ಣೆಯೆಲ್ಲ ಹಾಳು. ಹಾಗಾಗಿ ನನಗೂ ಕೆಲಸ ಸಿಗುತ್ತದೆ. ಕೇಕಿಗೆ ದ್ರಾಕ್ಷಿ ನೆನೆಸಲು ಇಲ್ಲಿ ರಮ್ ಇಲ್ಲ, ಕಿತ್ತಳೆ ರಸದಲ್ಲೇ ನೆನೆಸುತ್ತಾರೆ. ಜೊತೆಗೆ ಹಾಯಿಲಿನ ಹೆಸರುವಾಸಿ ಹಿಲ್ವಾ ಖರ್ಜೂರ ಕತ್ತರಿಸಿ ಹಾಕುತ್ತಾರೆ. ಊರಿನ ಕೇಕಿಗಿಂತ ಇದೇ ರುಚಿ ಎಂದು ನಾನು ಯಾರ ಮುಂದೆಯೂ ಹೇಳಬಲ್ಲೆ.

ಮೊದಲ ತಟ್ಟೆ ಹೋಗುವುದು ಮನೆಯ ಮಾಲೀಕರ ಹೆಂಡತಿಗೆ. ಆಕೆ ಶಮ್ಮರ್ ಬುಡಕಟ್ಟಿನವಳು. ತಟ್ಟೆ ಖಾಲಿಯಾಗಿ ಮರಳುವುದೇ ಇಲ್ಲ. ಖರ್ಜೂರವೋ ಏಲಕ್ಕಿ ಹಾಕಿದ ಕಾಫಿಪುಡಿಯೋ ಇರುತ್ತದೆ. ನಾವು ಸಿನಿಮಾದಲ್ಲಿ ನೋಡಿದ ದಾನಶೂರ ಹಾತಿಂ ತಾಯಿ ಇದೇ ನೆಲದವನು, ಆರನೇ ಶತಮಾನದ ತಯ್ ಬುಡಕಟ್ಟಿನ ಕವಿ. ಅವನು ಕ್ರೈಸ್ತನಾಗಿದ್ದನೆಂದು ಅರಬ್ಬರ ಪರಂಪರೆಯಲ್ಲೇ ಹೇಳಿಕೆಯುಂಟು. ಮಗ ಅದೀ ಕ್ರೈಸ್ತನಾಗಿದ್ದು ಆಮೇಲೆ ಇಸ್ಲಾಮಿಗೆ ಬಂದವನು. ಮನೆಬಾಗಿಲಿಗೆ ಬಂದವರನ್ನು ಉಪವಾಸ ಕಳಿಸಬಾರದು ಎಂಬುದು ಇಲ್ಲಿನ ಅಜಾ ಬೆಟ್ಟದ ಬುಡದಲ್ಲಿ ಎರಡೂ ಧರ್ಮಕ್ಕೆ ಸೇರಿದ ಹಳೆಯ ಮಾತು.

1879ರ ಜನವರಿಯಲ್ಲಿ ಇಂಗ್ಲೆಂಡಿನ ಲೇಡಿ ಆನ್ ಬ್ಲಂಟ್ ಗಂಡನ ಜೊತೆ ನಫೂದ್ ಮರಳುಗಾಡು ದಾಟಿ ಈ ಊರಿಗೆ ಬಂದಿದ್ದಳು. ದಿನಚರಿ ಬರೆದಳು, ಚಿತ್ರ ಬಿಡಿಸಿದಳು. 1881ರಲ್ಲಿ ಪುಸ್ತಕವಾಗಿ ಹೊರಬಂತು. ಹಾಗಾಗಿ ಅವಳ ಹೆಸರು ಉಳಿಯಿತು. ಇದನ್ನು ಬಾಯಮ್ಮನಿಗೆ ಹೇಳಿ, "ನೀವೂ ಟೊಪ್ಪಿಯ ಒಳಗೆ ಸಣ್ಣದಾಗಿ ಒಂದು ಅಕ್ಷರ ಹೆಣೆಯಿರಿ, ಎಲ್ಲಾದರೂ ಇರಲಿ" ಅಂದೆ.

"ಒಳಗೆ ಗಂಟು ಬಂದರೆ ಮಗುವಿಗೆ ಚುಚ್ಚುತ್ತದಲ್ಲ ಅಕ್ಕ."

"ಹಾಗಾದರೆ ಹೊರಗಿನ ಅಂಚಿಗೆ ಹಾಕಿ."

"ಅದಕ್ಕೂ ನೂಲು ಬೇಕಲ್ಲ. ಉಳಿದ ನೂಲಿನಲ್ಲಿ ಇನ್ನೊಂದು ಟೊಪ್ಪಿ ಅರ್ಧವಾಗುತ್ತದೆ" ಅಂದರು. ನೂಲು ನಾನು ತಂದುಕೊಡುತ್ತೇನೆ ಎಂದಿದ್ದೇನೆ. ಇನ್ನೂ ಒಪ್ಪಿಲ್ಲ.