ರಾಮಗಿರಿ ಛದ: ಒಂದು ಶಾಸ್ತ್ರೀಯ ವಿವೇಚನೆ

ಇಸ್ಪೀಟು ಶಾಸ್ತ್ರವು ಇದುವರೆಗೆ ಎಲೆ ಹಂಚಿದ ಮೇಲಿನ ಸಂಗತಿಗಳನ್ನಷ್ಟೇ ಚಿಂತಿಸಿದೆ. ಯಾವ ಎಲೆಗಳಿರಬೇಕೆಂದು ಊರಿನವರೇ ನಿರ್ಧರಿಸಿ ರಾಶಿ ಕಟ್ಟುವುದು, ಆ ರಾಶಿಯಿಂದ ಆಟಗಾರರು ತಮ್ಮ ಕೈಯನ್ನು ತಾವೇ ಆರಿಸಿಕೊಳ್ಳುವುದು, ಈ ಗಹನ ವಿದ್ಯೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಅರಳಿಕಟ್ಟೆಯನ್ನು ಇನ್ನೂ ಮುಟ್ಟಿಲ್ಲ. ಈ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ.

ಪೂರ್ವಪಕ್ಷವನ್ನು ಮೊದಲು ನೋಡೋಣ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟ ತಂದರು. ಅದರ ಭಕ್ತರು ಮೆಚ್ಚಿನ ಎಲೆಗಳನ್ನು ಒಂದೊಂದೇ ಪ್ರತಿ ಸೇರಿಸಿ ಕಟ್ಟುವ ರಾಶಿಗೆ 'ಕ್ಯೂಬ್' ಎನ್ನುತ್ತಾರೆ. ಎಂಟು ಜನ ಸುತ್ತ ಕೂರಬೇಕು; ತಲಾ 15 ಎಲೆಯ ಮೂರು ಕಟ್ಟು. ಒಂದೆಲೆ ಇಟ್ಟುಕೊಂಡು ಉಳಿದದ್ದನ್ನು ಎಡಕ್ಕೆ ದಾಟಿಸುವುದು, ಎರಡನೇ ಕಟ್ಟಿಗೆ ಬಲಕ್ಕೆ, ಮೂರನೆಯದಕ್ಕೆ ಮತ್ತೆ ಎಡಕ್ಕೆ. ಒಟ್ಟು 360 ಎಲೆ.

ಇನ್ನು ಸಿದ್ಧಾಂತ. ಮೊಘಲರ ಗಂಜೀಫಾದಲ್ಲಿ 96 ಎಲೆ, ದಶಾವತಾರದ್ದರಲ್ಲಿ 120. ಇಷ್ಟಕ್ಕೆ ತೃಪ್ತರಾಗದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮೈಸೂರು ಅರಮನೆಯಲ್ಲಿ ಕುಳಿತು 'ಛದ'ಗಳೆಂಬ ಹೊಸ ಹೊಸ ಎಲೆಯಾಟ ರಚಿಸಿದರು. ಅವುಗಳಲ್ಲಿ ಅತಿ ದೊಡ್ಡ ಕಟ್ಟಿಗೆ ಎಲೆ ಎಷ್ಟು? 360! ಕ್ಯೂಬನ್ನು ಮೈಸೂರಿನಿಂದ ಕದ್ದದ್ದೆಂದು ಇದರಿಂದ ನಿರ್ವಿವಾದವಾಗಿ ಸಿದ್ಧವಾಯಿತು. ಪುರಾವೆ ಎಲ್ಲಿ ಎನ್ನುವವರಿಗೆ ಉತ್ತರ: ಪುರಾವೆ ಸಿಗದಷ್ಟು ಚೊಕ್ಕಟವಾಗಿ ಕದ್ದಿದ್ದಾರೆ.

ಕದ್ದದ್ದನ್ನು ಮರಳಿ ತಂದು ನಾವು ಕಟ್ಟಿದ ರಾಮಗಿರಿ ಛದದ ಎಲೆಗಳೆಲ್ಲ ಚಿತ್ರದುರ್ಗ ಜಿಲ್ಲೆಯವೇ. ಹೊಳಲ್ಕೆರೆಯ ಬಯಲು ಗಣಪ 1475ರಿಂದ ಸೂರಿಲ್ಲದೆ ಕುಳಿತಿರುವುದರಿಂದ ಆ ಎಲೆಯ ಮೇಲೆ ಬೇರೆ ಎಲೆ ಇಡುವಂತಿಲ್ಲ. ಓಬವ್ವ ಎಂಥ ಸೈನ್ಯವನ್ನೂ ಮುಗಿಸುತ್ತಾಳೆ, ಆದರೆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ಬಗ್ಗಿ ಬಂದರೆ ಮಾತ್ರ. 1907ರಲ್ಲಿ ಮುಗಿದ ಮಾರಿಕಣಿವೆ ಜಲಾಶಯ ಕೋಡಿ ಬಿದ್ದರೆ ಗೆಲುವು ಖಚಿತ. 1930ರ ದಶಕ ಬಿಟ್ಟರೆ 2022ರವರೆಗೆ ಕಾಯಬೇಕಾಯಿತೆಂಬುದನ್ನು ಆಯುವವರು ಮರೆಯಬಾರದು. ಭದ್ರಾ ಮೇಲ್ದಂಡೆ ಯೋಜನೆ ಎಲೆಯ ಬೆಲೆ 5,300. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ್ದೂ ಅಷ್ಟೇ ಕೋಟಿ. ಈ ಎಲೆಯನ್ನು 'ಮುಂದಿನ ಸುತ್ತಿಗೆ' ಎಂದು ಘೋಷಿಸಬಹುದು, ಇಳಿಸುವಂತಿಲ್ಲ.

ಮ್ಯಾಜಿಕ್ ಆಟದಲ್ಲಿ 40 ಎಲೆಯ ಕಟ್ಟಿಗೆ 17 'ಭೂಮಿ' ಎಲೆ ಇಡುವುದು ವಾಡಿಕೆ. ಅವು ಬಾರದಿದ್ದರೆ ಕೈಯಲ್ಲಿ ಎಂಥ ಶೂರರಿದ್ದರೂ ಸುಮ್ಮನೆ ಕೂರಬೇಕು. ನಮ್ಮಲ್ಲಿ ಭೂಮಿಗೇನು ಬರ? ಆದ್ದರಿಂದ ಅದನ್ನು ಬೋರ್‌ವೆಲ್ ಎಲೆಯಾಗಿ ತಿದ್ದಲಾಗಿದೆ: ಮಗುಚಿದ ಮೇಲೆ ನೀರೋ ಬರೀ ದೂಳೋ ತಿಳಿಯುತ್ತದೆ. ಅಡಿಕೆ ತೋಟದವರಿಗೆ ಈ ನಿಯಮವನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ತನಗೆ ಬೇಡವಾದರೂ ಪಕ್ಕದವನಿಗೆ ಸಿಗಬಾರದೆಂದು ಎಲೆ ಎತ್ತಿಡುವುದನ್ನು ಪಾಶ್ಚಾತ್ಯರು ಮಹಾ ತಂತ್ರವೆಂದು ಕೊಂಡಾಡುತ್ತಾರೆ. ನಮ್ಮ ಹೊಲದ ಬದುಗಳಲ್ಲಿ ತಲೆತಲಾಂತರದಿಂದ ನಡೆದಿರುವುದು ಇದೇ. ಕಠಿಣವಾದದ್ದು ಬಹುಜನರ ಆಟದ ಸಮತೋಲ. ಮದಕರಿ ನಾಯಕನ ಎಲೆ ಯಾರ ಕೈಗೆ ಬಂತೋ ಅವರ ಮೇಲೆ ಉಳಿದ ಏಳೂ ಜನ ಒಟ್ಟಾಗಿ ಬೀಳುತ್ತಾರೆ. ಮದಕರಿಯ ಕೋಟೆಯನ್ನು 1779ರಲ್ಲಿ ಹೈದರಾಲಿ ಒಬ್ಬನೇ ತೆಗೆದುಕೊಂಡನಲ್ಲ, ಇಲ್ಲಿ ಏಳು ಜನ ಏಕೆ ಎಂಬ ಆಕ್ಷೇಪವನ್ನು ಹೊಸದುರ್ಗ ಪಂಥದವರು ಎತ್ತಿದ್ದಾರೆ. ಅವರು ಸೋತಾಗ ಮಾತ್ರ ಎತ್ತುತ್ತಾರಾದ್ದರಿಂದ ಅದನ್ನು ತಳ್ಳಿಹಾಕಲಾಗಿದೆ.

ಪೊಲೀಸರು ಬಂದರೆ? ರಮ್ಮಿಯೇ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿರುವಾಗ ನಮಗೆ ಭಯವಿಲ್ಲ. ಮೇಲಾಗಿ ಇಲ್ಲಿ ದುಡ್ಡಿಲ್ಲ. ಕಟ್ಟೆಯ ಹಿರಿಯರೊಬ್ಬರ ತಕರಾರೂ ಅದೇ: "ಅಲ್ರೀ ಮೇಷ್ಟ್ರೇ, ದುಡ್ಡಿಲ್ದೆ ಎಲೆ ಆಡಾದಾದ್ರೂ ಯಾಕೆ?" ಇದಕ್ಕೆ ಶಾಸ್ತ್ರದಲ್ಲಿ ಸಮಾಧಾನ ದೊರೆತಿಲ್ಲ.

ಮುಮ್ಮಡಿಯವರ ಛದಗಳು ಅರಮನೆ ದಾಟಿ ಜನರ ಆಟವಾಗಲಿಲ್ಲ. ನಿಯಮ ಕಟ್ಟುವವನಿಗೆ ಸಿಗುವ ಸುಖ ಕಲಿಯುವವನಿಗೆ ಸಿಗದು ಎಂಬುದೇ ಕಾರಣವಿರಬೇಕು. ನಮಗಾದರೋ ಏಳು ಜನ ಸಿಕ್ಕಿದ್ದಾರೆ, ಎಂಟನೆಯವರೊಬ್ಬರು ಬೇಕು. ಆಸಕ್ತರು ಸಂಜೆ ಕಟ್ಟೆಗೆ ಬರಬಹುದು. ರಮ್ಮಿಯವರು ಮಾತ್ರ ದಯವಿಟ್ಟು ಬೇಡ, ಬಂದ ಕೂಡಲೇ ಜೋಕರ್ ಯಾವುದು ಅಂತಾರೆ.